ಗಿಡ್ಡ ಬೆರಳಿನ ಗಿಟಾರು

"ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?" ಹೊಸದೇನನ್ನೋ ಕಲಿಯಹೊರಟ ಹಿರಿಯರ ಕಿವಿಗೆ ಈ ಮಾತು ಬೀಳದೆ ಇರುವುದಿಲ್ಲ. ನಿಪ್ಪಾಣಿ ತಾಲ್ಲೂಕಿನ ಅಕ್ಕೋಳದಂಥ ಊರಿನಲ್ಲಿ ಐವತ್ತೈದು ದಾಟಿದವರೊಬ್ಬರು ಕೊಲ್ಹಾಪುರಕ್ಕೋ ಬೆಳಗಾವಿಗೋ ಹೋಗಿ ಗಿಟಾರ್ ಕೊಂಡು ತಂದರೆನ್ನಿ. ಮನೆಯವರು ವಯಸ್ಸಿನ ಮಾತೆತ್ತುತ್ತಾರೆ. ತಂದವರು ಎರಡು ವಾರ ಹೆಣಗಿ, ತಮ್ಮ ಎಡಗೈ ನೋಡಿಕೊಂಡು, ಇನ್ನೊಂದು ಕಾರಣ ಸೇರಿಸುತ್ತಾರೆ: "ನನ್ನ ಬೆರಳ ಗಿಡ್ಡ ಅದಾವ್ರೀ, ತಂತಿಗೆ ಮುಟ್ಟಂಗಿಲ್ಲ."

ಆದರೆ ಇದೇ ಜನ ಕಳೆದ ಹತ್ತು–ಹದಿನೈದು ವರ್ಷಗಳಲ್ಲಿ ಇನ್ನೊಂದು ಕೆಲಸ ಕಲಿತಿದ್ದಾರೆ. ಅಂಗೈಯಗಲದ ಗಾಜಿನ ಮೇಲೆ ಸಾಸಿವೆಯಷ್ಟು ಚಿಕ್ಕ ಅಕ್ಷರಗಳನ್ನು ಒತ್ತಿ ಮೊಮ್ಮಕ್ಕಳಿಗೆ ಸಂದೇಶ ಬರೆಯುತ್ತಾರೆ. ಕನ್ನಡದಲ್ಲಿ ಬರೆದು, ಮರಾಠಿಗೆ ಹೊರಳಿ, ಮತ್ತೆ ಕನ್ನಡಕ್ಕೆ ಬರುತ್ತಾರೆ. ಬಾಲ್ಯದಲ್ಲಿ ಅವರ ಕೈಗೆ ಈ ಯಂತ್ರವೇ ಸಿಕ್ಕಿರಲಿಲ್ಲ. ಮೊಬೈಲಿಗೆ ಬಗ್ಗಿದ ಬೆರಳು ಗಿಟಾರಿಗೆ ಏಕೆ ಬಗ್ಗುವುದಿಲ್ಲ? ತಡೆಯುತ್ತಿರುವುದು ಬೆರಳಿನ ಉದ್ದವೋ, ವಯಸ್ಸೋ, ಅಥವಾ ನಾವು ಗಮನಿಸದ ಇನ್ನೇನಾದರೂ ಇದೆಯೋ? ಒಂದೊಂದನ್ನೇ ಪರೀಕ್ಷಿಸೋಣ.

ಮೆಟ್ಟಿಲುಗಳ ಅಳತೆ

ಮೊದಲು ಬೆರಳಿನ ದೂರು. ವೀಣೆಯ ಹಾಗೆ ಗಿಟಾರಿನ ಕೊರಳ ಮೇಲೂ ಅಡ್ಡಡ್ಡ ಲೋಹದ ಮೆಟ್ಟಿಲುಗಳಿವೆ; ಕಲಿಸುವವರು ಇವನ್ನು ಫ್ರೆಟ್ ಎನ್ನುತ್ತಾರೆ. ಮೆಟ್ಟಿಲ ಹಿಂದೆ ತಂತಿಯನ್ನು ಒತ್ತಿದಾಗ ಮಿಡಿಯುವ ಭಾಗ ಗಿಡ್ಡವಾಗಿ ಸ್ವರ ಏರುತ್ತದೆ. ಹನ್ನೆರಡನೇ ಮೆಟ್ಟಿಲಿಗೆ ಬಂದಾಗ ತಂತಿ ಸರಿಯಾಗಿ ಅರ್ಧವಾಗಿ, ಸ್ವರ ಮೇಲಿನ ಸಪ್ತಕ ಮುಟ್ಟಿರಬೇಕು. ನಡುವಿನ ಹೆಜ್ಜೆಗಳೆಲ್ಲ ಕಿವಿಗೆ ಸಮನಾಗಿ ಕೇಳಬೇಕಾದರೆ ಒಂದೊಂದು ಮೆಟ್ಟಿಲೂ ಉಳಿದ ತಂತಿಯಲ್ಲಿ ಸುಮಾರು ಹದಿನೆಂಟನೇ ಒಂದು ಪಾಲನ್ನು ಕಡಿಯಬೇಕು. ಖಗೋಳ ವಿಜ್ಞಾನಿ ಗೆಲಿಲಿಯೋನ ತಂದೆ ವಿನ್ಸೆಂಜೊ ಗೆಲಿಲಿ ಲ್ಯೂಟ್ ಎಂಬ ತಂತಿವಾದ್ಯದ ವಾದಕ. 16ನೇ ಶತಮಾನದಲ್ಲಿಯೇ ಆತ ಈ ಲೆಕ್ಕ ಬರೆದಿಟ್ಟಿದ್ದ.

ಉಳಿದ ತಂತಿ ಚಿಕ್ಕದಾಗುತ್ತ ಹೋದಂತೆ ಅದರ ಪಾಲೂ ಚಿಕ್ಕದಾಗುತ್ತದೆ. ಸಾಮಾನ್ಯ ಗಿಟಾರಿನಲ್ಲಿ ಮಿಡಿಯುವ ತಂತಿಯ ಉದ್ದ ಸುಮಾರು 65 ಸೆಂ.ಮೀ. ಅದರಲ್ಲಿ ಮೊದಲ ಹೆಜ್ಜೆ 3.6 ಸೆಂ.ಮೀ. ಅಗಲ, ಹನ್ನೆರಡನೆಯದು 1.9 ಸೆಂ.ಮೀ. ಮಾತ್ರ. ಕೈ ಅತಿ ಹೆಚ್ಚು ಹಿಗ್ಗಬೇಕಾದ ಜಾಗ ಕೊರಳ ತುದಿಯ ಮೊದಲ ನಾಲ್ಕು ಮೆಟ್ಟಿಲುಗಳು. ಹೊಸಬರ ಪಾಠ ಶುರುವಾಗುವುದೂ ಅಲ್ಲಿಯೇ.

ಒಂದನೇ ಮೆಟ್ಟಿಲಿನಿಂದ ನಾಲ್ಕನೆಯದಕ್ಕೆ ಸುಮಾರು 9.8 ಸೆಂ.ಮೀ. ದೂರ. ತೋರುಬೆರಳು ಒಂದನೆಯದರ ಮೇಲಿದ್ದಾಗ ಕಿರುಬೆರಳು ನಾಲ್ಕನೆಯದನ್ನು ಮುಟ್ಟಬೇಕು. ಇದೇ ಕೈಯನ್ನು ಐದನೇ ಮೆಟ್ಟಿಲಿಗೆ ಸರಿಸಿದರೆ ಅಂತರ 7.7 ಸೆಂ.ಮೀ.ಗೆ ಇಳಿಯುತ್ತದೆ. ಕ್ಯಾಪೊ ಎಂಬ ಚಿಕ್ಕ ಕ್ಲಿಪ್ಪನ್ನು ಎರಡನೇ ಮೆಟ್ಟಿಲಿಗೆ ಬಿಗಿದು ಅದರ ಮುಂದೆ ನುಡಿಸಿದರೆ 8.7 ಸೆಂ.ಮೀ. ಮಕ್ಕಳಿಗೆಂದು ಮಾಡುವ, 58 ಸೆಂ.ಮೀ. ತಂತಿಯ ಮುಕ್ಕಾಲು ಅಳತೆಯ ಗಿಟಾರಿನಲ್ಲಿಯೂ ಮೊದಲ ನಾಲ್ಕು ಮೆಟ್ಟಿಲುಗಳ ಅಂತರ ಇಷ್ಟೇ. ಅಂದರೆ ಒಂದು ಕ್ಲಿಪ್ಪು ದೊಡ್ಡ ಗಿಟಾರನ್ನು ಗಿಡ್ಡ ಬೆರಳಿನ ಮಟ್ಟಿಗೆ ಚಿಕ್ಕ ಗಿಟಾರನ್ನಾಗಿ ಮಾಡುತ್ತದೆ. ಶ್ರುತಿ ಎರಡು ಹೆಜ್ಜೆ ಏರುತ್ತದೆ, ಅಷ್ಟೇ.

ಮುಷ್ಟಿ ಕಟ್ಟಿ ನೋಡಿ

ಕೈ ಎಷ್ಟು ಹಿಗ್ಗುತ್ತದೆ ಎಂಬುದನ್ನು ಬೆರಳಿನ ಉದ್ದವೊಂದೇ ನಿರ್ಧರಿಸುವುದಿಲ್ಲ. ಎಡಗೈ ಚಾಚಿ ಬೆರಳುಗಳನ್ನು ಅಗಲಿಸಿ; ಸಲೀಸಾಗಿ ಅಗಲುತ್ತವೆ. ಈಗ ಬೆರಳುಗಳನ್ನು ಬುಡದಿಂದಲೇ ಬಾಗಿಸಿ ಮುಷ್ಟಿ ಕಟ್ಟಿ, ಹಾಗೆಯೇ ಅಗಲಿಸಲು ನೋಡಿ. ಬೆರಳುಗಳು ಜಗ್ಗುವುದಿಲ್ಲ. ಬೆರಳಿನ ಬುಡದ ಕೀಲಿನ ಎರಡೂ ಮಗ್ಗುಲಿಗೆ ಗಟ್ಟಿ ನಾರಿನ ಪಟ್ಟಿಗಳಿವೆ. ಕೀಲು ನೆಟ್ಟಗಿದ್ದಾಗ ಅವು ಸಡಿಲ, ಬಾಗಿದಾಗ ಬಿಗಿ. ಏನನ್ನಾದರೂ ಬಲವಾಗಿ ಹಿಡಿದಾಗ ಬೆರಳು ಅಡ್ಡಕ್ಕೆ ಜಾರದಿರಲೆಂದು ದೇಹ ಮಾಡಿಕೊಂಡ ಏರ್ಪಾಡು ಇದು.

ದುಡಿದ ಕೈ ಗಿಟಾರಿನ ಕೊರಳನ್ನು ಕುಡುಗೋಲಿನ ಹಿಡಿಯಂತೆ ಹಿಡಿಯುತ್ತದೆ: ಅಂಗೈ ಮರಕ್ಕೆ ಅಂಟಿ, ಹೆಬ್ಬೆರಳು ಮೇಲೆ ಇಣುಕಿ, ಬುಡದ ಕೀಲುಗಳೆಲ್ಲ ಮಡಿಚಿ. ಈ ಹಿಡಿತದಲ್ಲಿ ಉದ್ದ ಬೆರಳಿನವರಿಗೂ ಬೆರಳು ಅಗಲುವುದಿಲ್ಲ. ಹೆಬ್ಬೆರಳನ್ನು ಕೊರಳ ಹಿಂಬದಿಯ ನಡುವಿಗೆ ಇಳಿಸಿ, ಅಂಗೈಗೂ ಮರಕ್ಕೂ ನಡುವೆ ಗಾಳಿಯಾಡುವಷ್ಟು ಜಾಗ ಬಿಟ್ಟರೆ ಬುಡದ ಕೀಲು ನೆಟ್ಟಗಾಗಿ ಪಟ್ಟಿಗಳು ಸಡಿಲಗೊಳ್ಳುತ್ತವೆ. ಬೆರಳು ಒಂದು ಕೂದಲೆಳೆಯಷ್ಟೂ ಬೆಳೆಯದೆ ಕೈಯ ವ್ಯಾಪ್ತಿ ಹೆಚ್ಚುತ್ತದೆ.

ಒತ್ತಡದ ಲೆಕ್ಕವೂ ಹೀಗೆಯೇ. ಉಕ್ಕಿನ ಆರು ತಂತಿಗಳ ಒಟ್ಟು ಎಳೆತ ಸುಮಾರು 70 ಕೆ.ಜಿ., ನೈಲಾನಿನದು ಸುಮಾರು 40 ಕೆ.ಜಿ. ಬೆರಳನ್ನು ಮೆಟ್ಟಿಲಿಗೆ ತಾಗುವಷ್ಟು ಹತ್ತಿರವಿಟ್ಟು ಒತ್ತಿದರೆ ಕಡಿಮೆ ಬಲಕ್ಕೇ ಸ್ವರ ಶುದ್ಧವಾಗುತ್ತದೆ. ದೂರವಿಟ್ಟರೆ ಎಷ್ಟು ಒತ್ತಿದರೂ ತಂತಿ ಝರ್ ಎನ್ನುತ್ತದೆ. ಹೊಸಬರ ಬೆರಳು ಸೋಲುವುದಕ್ಕೆ ಶಕ್ತಿ ಸಾಲದಿರುವುದಕ್ಕಿಂತ ಜಾಗ ತಪ್ಪುವುದೇ ಹೆಚ್ಚಿನ ಕಾರಣ.

ಎರಡು ಬೆರಳಿನ ದೊಡ್ಡವರು

ಕಾಗವಾಡದಾಚೆ ಗಡಿ ದಾಟಿದರೆ ಮಿರಜ್. ಸಿತಾರ್, ತಂಬೂರಿ ಮಾಡುವ ಮನೆತನಗಳ ಊರು. ಅಲ್ಲಿನ ಸಿತಾರ್ ಮತ್ತು ತಂಬೂರಿಗೆ 2024ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಸಿತಾರಿನ ತಂತಿ ಗಿಟಾರಿನದಕ್ಕಿಂತ ಉದ್ದ, ಮೆಟ್ಟಿಲುಗಳ ಅಂತರವೂ ದೊಡ್ಡದು. ಆದರೂ ಚಿಕ್ಕ ಕೈಯವರು ಸಿತಾರ್ ನುಡಿಸುತ್ತಾರೆ. ಅಲ್ಲಿ ತಂತಿಯ ಮೇಲೆ ಮುಖ್ಯವಾಗಿ ದುಡಿಯುವುದು ತೋರುಬೆರಳು, ಮಧ್ಯದ ಬೆರಳು ಎರಡೇ. ದೂರದ ಸ್ವರಕ್ಕೆ ಬೆರಳು ಚಾಚುವುದಿಲ್ಲ, ಇಡೀ ಕೈಯೇ ಜಾರಿಕೊಂಡು ಹೋಗುತ್ತದೆ.

ಗಿಟಾರಿನಲ್ಲಿಯೂ ಈ ದಾರಿ ಹಿಡಿದವರಿದ್ದಾರೆ. 1928ರಲ್ಲಿ ಜ್ಯಾಂಗೊ ರೈನ್ಹಾರ್ಟ್ ಎಂಬ ಹದಿನೆಂಟರ ಯುವಕನ ಗಾಡಿಮನೆಗೆ ಬೆಂಕಿ ಬಿದ್ದು, ಎಡಗೈಯ ಉಂಗುರ ಬೆರಳು ಮತ್ತು ಕಿರುಬೆರಳು ಬಹುತೇಕ ಕೆಲಸಕ್ಕೆ ಬಾರದಂತಾದವು. ಉಳಿದೆರಡು ಬೆರಳುಗಳಲ್ಲಿ ಹೊಸ ವಾದನಕ್ರಮ ಕಟ್ಟಿಕೊಂಡ ಆತ ಯುರೋಪಿನ ಜಾಝ್ ಸಂಗೀತದ ಅತಿ ದೊಡ್ಡ ಗಿಟಾರ್ ವಾದಕನಾದ. 1965ರಲ್ಲಿ ಬರ್ಮಿಂಗ್‌ಹ್ಯಾಮಿನ ಕಾರ್ಖಾನೆಯೊಂದರಲ್ಲಿ ಹದಿನೇಳರ ಟೋನಿ ಅಯೋಮಿಯ ಎರಡು ಬೆರಳ ತುದಿಗಳು ತುಂಡಾದವು. ಕಾರ್ಖಾನೆಯ ಮ್ಯಾನೇಜರ್ ಆತನಿಗೆ ಕೇಳಿಸಿದ್ದು ಜ್ಯಾಂಗೊನ ಧ್ವನಿಮುದ್ರಿಕೆ. ಟೋನಿ ಪ್ಲಾಸ್ಟಿಕ್ ಕರಗಿಸಿ ಬೆರಳಿಗೆ ಟೊಪ್ಪಿಗೆ ಮಾಡಿಕೊಂಡ, ತೆಳು ತಂತಿ ಹಾಕಿದ, ಮುಂದೆ ಶ್ರುತಿಯನ್ನೂ ಇಳಿಸಿದ. ಆತ ಗಿಟಾರ್ ನುಡಿಸಿದ ಬ್ಲ್ಯಾಕ್ ಸಬ್ಬತ್ ಎಂಬ ರಾಕ್ ತಂಡದ ಭಾರವಾದ ನಾದ ಮೂಡಿದ್ದರಲ್ಲಿ ಈ ಬದಲಾವಣೆಗಳ ಪಾಲಿದೆ.

ನಮ್ಮ ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಕುಮಾರ ಗಂಧರ್ವರು ಗಾಯಕರು, ವಾದಕರಲ್ಲ. ಆದರೆ ಅವರ ಬದುಕೂ ಇದನ್ನೇ ಹೇಳುತ್ತದೆ. 1940ರ ದಶಕದ ಕೊನೆಯಲ್ಲಿ ಕ್ಷಯ ಬಂದು, ದೇವಾಸದಲ್ಲಿ ವರ್ಷಗಟ್ಟಲೆ ಹಾಡದೆ ಮಲಗಿದರು. ಒಂದು ಶ್ವಾಸಕೋಶ ಸೋತಿತು. ಮರಳಿ ಹಾಡತೊಡಗಿದಾಗ ಉಳಿದ ಉಸಿರಿಗೆ ಒಗ್ಗುವ ಚಿಕ್ಕ ಚಿಕ್ಕ, ಚುರುಕು ಸ್ವರಗುಚ್ಛಗಳಲ್ಲಿ ಹೊಸ ಗಾಯನವನ್ನೇ ಕಟ್ಟಿದರು.

ಈ ಮೂವರೂ ಅಸಾಮಾನ್ಯ ಪ್ರತಿಭೆಯವರು, ನಿಜ. ಆದರೆ ಅವರೆಲ್ಲ ಮಾಡಿದ್ದು ಮರಳಿ ಕಲಿಯುವ ಕೆಲಸ. ದೇಹದ ಮಿತಿ ಹಾಗೆಯೇ ಉಳಿದಿತ್ತು. ಚಲನೆಯ ಯೋಜನೆ ಬದಲಾಯಿತು. ಆ ಯೋಜನೆ ಎಲ್ಲಿರುತ್ತದೆ?

ಮಿದುಳಿನೊಳಗಿನ ಕೈ

ಬೆರಳುಗಳಲ್ಲಿ ಅವನ್ನು ಬಗ್ಗಿಸುವ ಸ್ನಾಯುಗಳಿಲ್ಲ. ಬಗ್ಗಿಸುವ ಮುಖ್ಯ ಸ್ನಾಯುಗಳು ಮೊಣಕೈಯಿಂದ ಮಣಿಕಟ್ಟಿನವರೆಗಿನ ಮುಂದೋಳಿನಲ್ಲಿವೆ. ಅಲ್ಲಿಂದ ಹುರಿಗಳು ಹೊರಟು ಬೆರಳನ್ನು ಎಳೆಯುತ್ತವೆ. ಮುಂದೋಳನ್ನು ಹಿಡಿದುಕೊಂಡು ಬೆರಳಾಡಿಸಿದರೆ ಒಳಗಿನ ಮಿಸುಕಾಟ ತಿಳಿಯುತ್ತದೆ. ಅಂಗೈಯನ್ನು ಮೇಜಿನ ಮೇಲಿಟ್ಟು, ಮಧ್ಯದ ಬೆರಳನ್ನು ಒಳಕ್ಕೆ ಮಡಿಚಿ, ಉಂಗುರ ಬೆರಳನ್ನು ಮಾತ್ರ ಮೇಲೆತ್ತಿ ನೋಡಿ. ಏಳುವುದೇ ಕಷ್ಟ. ಪಕ್ಕದ ಬೆರಳಿನ ಹುರಿಗೂ ಅದರ ಹುರಿಗೂ ಅಡ್ಡಕೊಂಡಿಗಳಿವೆ. ಉದ್ದ ಬೆರಳಿರಲಿ ಗಿಡ್ಡ ಬೆರಳಿರಲಿ, ಗಿಟಾರ್ ಹಿಡಿದವರೆಲ್ಲರ ಕೈಗೂ ಈ ಕಟ್ಟುಪಾಡು ಇದೆ. ಇದರೊಳಗೇ ಬೆರಳುಗಳನ್ನು ಬೇರೆ ಬೇರೆಯಾಗಿ ನಡೆಸಬೇಕಾದದ್ದು ಮಿದುಳು.

ಮಿದುಳಿನ ಹೊರಪದರದಲ್ಲಿ ಇಡೀ ದೇಹದ ನಕ್ಷೆಯಿದೆ. 1930ರ ದಶಕದಲ್ಲಿ ಕೆನಡಾದ ಶಸ್ತ್ರವೈದ್ಯ ವೈಲ್ಡರ್ ಪೆನ್‌ಫೀಲ್ಡ್ ಎಚ್ಚರವಿದ್ದ ರೋಗಿಗಳ ಮಿದುಳಿಗೆ ಮೃದುವಾಗಿ ವಿದ್ಯುತ್ ಮುಟ್ಟಿಸಿ ಅದನ್ನು ಗುರುತಿಸಿದರು. ಆ ನಕ್ಷೆಯಲ್ಲಿ ಬೆನ್ನಿಗೆ ಚೂರು ಜಾಗ, ಬೆರಳಿಗೂ ತುಟಿಗೂ ದೊಡ್ಡ ಜಾಗ. 1995ರಲ್ಲಿ ಥಾಮಸ್ ಎಲ್ಬರ್ಟ್ ಮತ್ತು ಸಂಗಡಿಗರು ಒಂಬತ್ತು ಮಂದಿ ತಂತಿವಾದಕರ ಮಿದುಳನ್ನು ಅಳೆದರು; ಅವರಲ್ಲೊಬ್ಬರು ಗಿಟಾರಿನವರು. ಎಡಗೈ ಬೆರಳುಗಳಿಗೆ ಮೀಸಲಾದ ಜಾಗ ವಾದ್ಯ ನುಡಿಸದವರದ್ದಕ್ಕಿಂತ ಹಿಗ್ಗಿತ್ತು, ಅದರಲ್ಲೂ ಕಿರುಬೆರಳಿನದು. ಬಲಗೈಯ ನಕ್ಷೆಯಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಬೆರಳು ಬೆಳೆಯುವುದಿಲ್ಲ; ಮಿದುಳಿನಲ್ಲಿ ಬೆರಳಿಗಿರುವ ಜಾಗ ಬೆಳೆಯುತ್ತದೆ.

ಬೀಡಿ ಕಟ್ಟುವ ಕೈ ಕಲಿಸುವ ಪಾಠ

ಈಗ ಮುಖ್ಯ ವಿಷಯಕ್ಕೆ ಬಂದೆವು. ನಿಪ್ಪಾಣಿ ಸೀಮೆ ತಂಬಾಕಿನದು. ಇಲ್ಲಿನ ಸಾವಿರಾರು ಹೆಣ್ಣುಮಕ್ಕಳು ಬೀಡಿ ಕಟ್ಟಿ ಸಂಸಾರ ನಡೆಸಿದ್ದಾರೆ. ಸಾವಿರ ಬೀಡಿಗಿಷ್ಟು ಎಂದು ಕೂಲಿ. ಅದು ಕಡಿಮೆ, ದೇಹಕ್ಕೆ ಆಗುವ ಹಾನಿ ಹೆಚ್ಚು. ಆದರೆ ಆ ಕೈಗಳ ಜಾಣ್ಮೆಯನ್ನು ಯಾರೂ ಅಲ್ಲಗಳೆಯಲಾಗದು. ಎಲೆ ಕತ್ತರಿಸುವುದು, ತಂಬಾಕು ಹರವುವುದು, ಸುತ್ತುವುದು, ಬಾಯಿ ಮಡಿಚುವುದು, ದಾರ ಕಟ್ಟುವುದು: ಹೊಸಬಳಿಗೆ ಇವು ಐದು ಕೆಲಸ. ಒಂದನ್ನು ನೆನೆದರೆ ಇನ್ನೊಂದು ಮರೆಯುತ್ತದೆ, ಎಲೆ ಹರಿಯುತ್ತದೆ. ಪಳಗಿದವಳಿಗೆ ಸುತ್ತುವುದರಿಂದ ದಾರ ಕಟ್ಟುವವರೆಗೆ ಎಲ್ಲ ಸೇರಿ ಒಂದೇ ಕೆಲಸ. ಮಾತಾಡುತ್ತ, ಮಗುವಿನ ಕಡೆ ಕಣ್ಣಿಟ್ಟು, ಬೀಡಿ ಕಟ್ಟುತ್ತಾಳೆ.

ಬಿಡಿ ಬಿಡಿ ಚಲನೆಗಳು ಸೇರಿ ಒಂದಾಗುವ ಇದನ್ನು 'ಚಲನೆಗಂಟು' ಎನ್ನೋಣ. ಇದರ ಬೆಲೆ ತಿಳಿಯಬೇಕಾದರೆ ಮಿದುಳಿನ ಒಂದು ಬಡತನ ತಿಳಿಯಬೇಕು. ಆ ಕ್ಷಣಕ್ಕೆ ಗಮನದಲ್ಲಿಟ್ಟು ನಡೆಸುವ ಸಂಗತಿಗಳು ತೀರ ಕಡಿಮೆ. ಅಮೆರಿಕದ ಮನೋವಿಜ್ಞಾನಿ ಜಾರ್ಜ್ ಮಿಲ್ಲರ್ 1956ರಲ್ಲಿ ಅವು ಸುಮಾರು ಏಳು ಎಂದರು. ನಂತರದವರು ನಾಲ್ಕರ ಆಸುಪಾಸು ಎಂದಿದ್ದಾರೆ. ಆದರೆ ಮಿಲ್ಲರ್ ಇನ್ನೊಂದನ್ನೂ ತೋರಿಸಿದರು: ಹಲವು ಸಂಗತಿಗಳನ್ನು ಒಂದು ಗಂಟಾಗಿ ಕಟ್ಟಿದರೆ ಆ ಇಡೀ ಗಂಟು ಒಂದೇ ಸಂಗತಿಯ ಜಾಗ ಹಿಡಿಯುತ್ತದೆ.

ಗಿಟಾರಿನಲ್ಲಿ ಕೆಲವು ಸ್ವರಗಳನ್ನು ಒಟ್ಟಿಗೆ ಮಿಡಿಯುವುದಕ್ಕೆ ಕಾರ್ಡ್ ಎನ್ನುತ್ತಾರೆ. ಮೊದಮೊದಲು ಕಲಿಸುವ ಸಿ ಕಾರ್ಡನ್ನೇ ನೋಡಿ. ಉಂಗುರ ಬೆರಳು ಐದನೇ ತಂತಿಯ ಮೂರನೇ ಮೆಟ್ಟಿಲಿಗೆ, ಮಧ್ಯದ ಬೆರಳು ನಾಲ್ಕನೇ ತಂತಿಯ ಎರಡನೆಯದಕ್ಕೆ, ತೋರುಬೆರಳು ಎರಡನೇ ತಂತಿಯ ಒಂದನೆಯದಕ್ಕೆ. ಮೂರು ಬೆರಳು, ಪ್ರತಿಯೊಂದಕ್ಕೂ ಒಂದು ತಂತಿ, ಒಂದು ಮೆಟ್ಟಿಲು: ಆರು ತೀರ್ಮಾನ. ಮೇಲೆ ಬಲಗೈಯ ಲಯ, ಬಾಯಲ್ಲಿ ಹಾಡು. ಗಮನದ ಅಂಗಳ ತುಂಬಿ ಹೊರಚೆಲ್ಲಿದೆ. ಹೊಸಬರು "ಬೆರಳು ಮುಟ್ಟುತ್ತಿಲ್ಲ" ಎನ್ನುವುದು ಬಹಳ ಸಲ ಈ ಕ್ಷಣದಲ್ಲಿ. ಹಾಡು ಬಿಟ್ಟು, ಲಯ ಬಿಟ್ಟು, ಒಂದೊಂದೇ ಬೆರಳಿಟ್ಟು ನೋಡಿದರೆ ಮುಟ್ಟುತ್ತದೆ.

ಆರಂಭದ ಒಗಟು ಇಲ್ಲಿ ಬಿಡುತ್ತದೆ. ಮೊಬೈಲ್ ಕಾಯುತ್ತದೆ, ಹಾಡು ಕಾಯುವುದಿಲ್ಲ. ಸಂದೇಶ ಬರೆಯುವಾಗ ಒಂದು ಹೊತ್ತಿಗೆ ಒಂದೇ ಅಕ್ಷರ. ಅರೆಗಳಿಗೆ ಹುಡುಕಿದರೂ ಯಂತ್ರ ಸುಮ್ಮನಿರುತ್ತದೆ. ಗಂಟು ಕಟ್ಟಿಕೊಳ್ಳಲು ಮಿದುಳಿಗೆ ಬೇಕಾದಷ್ಟು ಸಮಯ ಸಿಗುತ್ತದೆ. ಗಿಟಾರಿನಲ್ಲಿ ಮೂರು ಬೆರಳು ಒಟ್ಟಿಗೆ, ತಾಳ ಬೀಳುವ ಮೊದಲೇ ಸೇರಬೇಕು. ಕಲಿಯುವ ಕೈ ಎರಡೂ ಕಡೆ ಒಂದೇ, ವಯಸ್ಸೂ ಒಂದೇ. ಬೇರೆಯಾಗಿರುವುದು ಒಮ್ಮೆಗೆ ಬೀಳುವ ಹೊರೆ.

ಬಿಡುವಿನಲ್ಲಿ ನಡೆಯುವ ಕೆಲಸ

ಚಲನೆಗಂಟು ಕಟ್ಟುವಾಗ ಮೊದಲು ದುಡಿಯುವುದು ಹಣೆಯ ಹಿಂದಿನ, ಯೋಚಿಸಿ ತೀರ್ಮಾನಿಸುವ ಭಾಗ. ಕಿರುಮಿದುಳು ತಪ್ಪುಗಳನ್ನು ಗುರುತಿಸಿ ಮುಂದಿನ ಚಲನೆಯನ್ನು ತಿದ್ದುತ್ತದೆ. ಅಭ್ಯಾಸವಾಗುತ್ತ ಹೋದಂತೆ ಮಿದುಳಿನ ಆಳದ ಭಾಗಗಳು ಹೊಣೆ ಹೊರುತ್ತವೆ, ಹಣೆಯ ಹಿಂದಿನ ಭಾಗಕ್ಕೆ ಬಿಡುವಾಗುತ್ತದೆ. ತಪ್ಪು ಚಲನೆಯನ್ನು ಅವಸರದಲ್ಲಿ ನೂರು ಸಲ ಮಾಡಿದರೆ ತಪ್ಪೂ ಹೀಗೆಯೇ ಗಂಟಾಗುತ್ತದೆ. ಸಂಗೀತದ ಗುರುಗಳು ವಿಳಂಬದಲ್ಲಿ ಸಾಧನೆ ಮಾಡಿಸುವುದಕ್ಕೆ ಇಲ್ಲಿ ಗಟ್ಟಿ ಕಾರಣವಿದೆ.

ಇನ್ನೂ ಅಚ್ಚರಿಯ ಸಂಗತಿ: ಈ ಕೆಲಸದ ಒಂದು ಪಾಲು ವಾದ್ಯ ಕೆಳಗಿಟ್ಟ ಮೇಲೆ ನಡೆಯುತ್ತದೆ. 2002ರಲ್ಲಿ ಮ್ಯಾಥ್ಯೂ ವಾಕರ್ ಮತ್ತು ಸಂಗಡಿಗರು ಯುವಜನರಿಗೆ ಎಡಗೈ ಬೆರಳುಗಳಿಂದ ಕೀಲಿಗಳನ್ನು ಒಂದು ಕ್ರಮದಲ್ಲಿ ಒತ್ತಲು ಕಲಿಸಿದರು. ಗಿಟಾರ್ ಹಿಡಿದ ಕೈಗೆ ಒಪ್ಪುವ ಪಾಠವೇ. ಹಗಲು ಹನ್ನೆರಡು ಗಂಟೆ ಎಚ್ಚರವಿದ್ದು ಮರಳಿದವರಲ್ಲಿ ಹೇಳಿಕೊಳ್ಳುವಂಥ ಏರಿಕೆ ಇರಲಿಲ್ಲ. ರಾತ್ರಿ ನಿದ್ದೆ ಮಾಡಿ ಬಂದವರ ವೇಗ, ನಡುವೆ ಒಮ್ಮೆಯೂ ಅಭ್ಯಾಸ ಮಾಡದಿದ್ದರೂ, ಸುಮಾರು ಶೇ. 20ರಷ್ಟು ಹೆಚ್ಚಿತ್ತು.

ವಯಸ್ಸು ಕಸಿಯುವುದೆಷ್ಟು?

ವಯಸ್ಸು ಏನನ್ನೂ ಮಾಡದು ಎಂದು ಹೇಳಿದರೆ ಓದುಗರಿಗೆ ಮೋಸವಾಗುತ್ತದೆ. ಎಲ್ಬರ್ಟ್ ಅವರ ಅಳತೆಯಲ್ಲಿ ಚಿಕ್ಕಂದಿನಲ್ಲಿ ಶುರು ಮಾಡಿದವರ ನಕ್ಷೆ ಹೆಚ್ಚು ಹಿಗ್ಗಿತ್ತು. ಗಮನದ ಅಂಗಳ ವಯಸ್ಸಾದಂತೆ ಕಿರಿದಾಗುತ್ತದೆ. ರಾತ್ರಿಯ ನಿದ್ದೆ ಕೊಡುವ ಲಾಭವೂ ಹಿರಿಯರಲ್ಲಿ ಕಡಿಮೆ ಎಂದು ಪ್ರಯೋಗಗಳು ತೋರಿವೆ.

ಆದರೂ ಬಾಗಿಲು ಮುಚ್ಚಿಲ್ಲ. 2008ರಲ್ಲಿ ಜರ್ಮನಿಯ ಸಂಶೋಧಕರು ಸುಮಾರು ಅರವತ್ತರ ವಯಸ್ಸಿನವರಿಗೆ ಮೂರು ಚೆಂಡುಗಳನ್ನು ಗಾಳಿಯಲ್ಲಿ ತೂರಿ ಹಿಡಿಯುವ ಆಟವನ್ನು ಮೂರು ತಿಂಗಳು ಕಲಿಸಿದರು. ಯುವಕರಷ್ಟು ಚೆನ್ನಾಗಿ ಅವರಿಗೆ ಬರಲಿಲ್ಲ. ಆದರೆ ಆಟ ಕಲಿತವರ ಮಿದುಳಿನಲ್ಲಿ ಚಲನೆಯನ್ನು ಕಾಣುವ ಭಾಗ ದಪ್ಪಗಾಗಿತ್ತು. ಅದೇ ಗುಂಪು ಯುವಕರಲ್ಲಿ 2004ರಲ್ಲಿ ಕಂಡದ್ದೂ ಅದೇ ಭಾಗದಲ್ಲಿ. ಅಭ್ಯಾಸ ನಿಲ್ಲಿಸಿದ ಮೇಲೆ ಅದು ಇಳಿಯಿತು. ಮಿದುಳು ಬಳಸಿದ್ದನ್ನು ಬೆಳೆಸುತ್ತದೆ, ಬಿಟ್ಟದ್ದನ್ನು ಬಿಡುತ್ತದೆ. ಅರವತ್ತರಲ್ಲಿಯೂ ಈ ನಿಯಮ ನಡೆಯುತ್ತದೆ.

ಆಗ ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿದ್ದ ಮನೋವಿಜ್ಞಾನಿ ಗ್ಯಾರಿ ಮಾರ್ಕಸ್, ಲಯಜ್ಞಾನವೇ ಇಲ್ಲವೆನಿಸಿಕೊಂಡಿದ್ದವರು, ನಲವತ್ತರ ಹೊಸ್ತಿಲಲ್ಲಿ ಗಿಟಾರ್ ಹಿಡಿದು ಆ ಅನುಭವವನ್ನು 2012ರಲ್ಲಿ ಪುಸ್ತಕವಾಗಿ ಬರೆದರು. ಮಹಾನ್ ವಾದಕರಾಗಲಿಲ್ಲ, ಆದರೆ ನುಡಿಸಬಲ್ಲವರಾದರು. ತಡವಾಗಿ ಕಲಿಯುವವರು ನ್ಯಾಯವಾಗಿ ನಿರೀಕ್ಷಿಸಬಹುದಾದ ಫಲ ಇದು, ಚಿಕ್ಕದೇನಲ್ಲ. ಬಾಲ್ಯದಲ್ಲಿ ಹೊಲ, ಮನೆ, ಕೂಲಿ ಎಂದು ಸಂಗೀತದ ಬಳಿಗೆ ಹೋಗಲಾಗದವರು ನಮ್ಮಲ್ಲಿ ಎಷ್ಟೋ ಜನ. ಬಿಡುವು ಸಿಕ್ಕ ಕಾಲಕ್ಕೆ, ತಪ್ಪು ಕಾರಣಕ್ಕಾಗಿ ಅವರು ಎರಡನೇ ವಾರದಲ್ಲೇ ವಾದ್ಯವನ್ನು ಅಟ್ಟಕ್ಕೇರಿಸಬಾರದು ಎಂಬುದು ಈ ಅಧ್ಯಾಯದ ಆಸೆ.

ಹೊರೆ ಇಳಿಸಿ ಕಲಿಯುವ ಕ್ರಮ

ಹಾಗಾದರೆ ಮಾಡಬೇಕಾದದ್ದು ಹೊರೆ ಇಳಿಸುವ ಕೆಲಸ. ನೈಲಾನ್ ತಂತಿಯ ಗಿಟಾರ್ ಆರಿಸಿ, ಅಥವಾ ತೆಳು ತಂತಿ ಹಾಕಿಸಿ. ಎರಡನೇ ಮೆಟ್ಟಿಲಿಗೆ ಕ್ಯಾಪೊ ಬಿಗಿಯಿರಿ. ಆರೂ ತಂತಿಗಳ ಕಾರ್ಡಿನ ಬದಲು ಮೂರು ತಂತಿಗಳ ಚಿಕ್ಕ ಕಾರ್ಡಿನಿಂದ ಶುರು ಮಾಡಿ; ಎಷ್ಟೋ ಭಜನೆ, ಭಾವಗೀತೆಗಳಿಗೆ ಮೂರು ಕಾರ್ಡು ಸಾಕು. ಹಾಡು, ಲಯ, ಬೆರಳು ಮೂರನ್ನೂ ಒಟ್ಟಿಗೆ ಹಿಡಿಯಬೇಡಿ. ಮೊದಲು ತಾಳವಿಲ್ಲದೆ ಬೆರಳಿನ ಜಾಗ, ಆಮೇಲೆ ಒಂದು ಕಾರ್ಡಿನಿಂದ ಇನ್ನೊಂದಕ್ಕೆ ಸಾಗುವ ದಾರಿ, ಅದು ಗಂಟಾದ ಮೇಲೆ ಬಲಗೈ, ಕೊನೆಗೆ ಹಾಡು. ವಾರಕ್ಕೊಮ್ಮೆ ಎರಡು ತಾಸು ಕೂರುವುದಕ್ಕಿಂತ ದಿನಾಲೂ ಕಾಲು ತಾಸು ಮೇಲು. ನಡುವೆ ಬರುವ ಪ್ರತಿ ರಾತ್ರಿಯೂ ನಿಮ್ಮ ಪರವಾಗಿ ಒಂದಿಷ್ಟು ದುಡಿಯುತ್ತದೆ. ಬೆರಳ ತುದಿಯ ಚರ್ಮ ಕೆಲವು ವಾರ ಉರಿದು ಗಟ್ಟಿಯಾಗುತ್ತದೆ, ಅದು ಸಹಜ. ಕೀಲು ನೋವು, ಮಣಿಕಟ್ಟಿನ ಸೆಳೆತ, ರಾತ್ರಿ ಕೈ ಜೋಮು ಹಿಡಿಯುವುದು ಸಹಜವಲ್ಲ. ನಿಲ್ಲಿಸಿ ವೈದ್ಯರಿಗೆ ತೋರಿಸಿ.

ಮತ್ತು ಒಂದು ಕಾರ್ಡು ಬಂತೋ ಇಲ್ಲವೋ ಎಂಬ ತೀರ್ಪನ್ನು ಅದನ್ನು ಹಿಡಿದ ಸಂಜೆಯೇ ಕೊಡಬೇಡಿ. ಆ ಹೊತ್ತಿಗೆ ಕೆಲಸದ ಒಂದು ಪಾಲು ಬಾಕಿಯೇ ಇರುತ್ತದೆ. ಕೆಲವು ರಾತ್ರಿಗಳ ನಿದ್ದೆಯಾಗಲಿ, ಆಮೇಲೆ ಕೈಯನ್ನು ಕೇಳಿ.